ಅಣ್ಣ ಪನ್ಹಳ ಬೇಡವೆಂದ ಮನೆ

ಮುಂಗಾರಿಗೆ ಮುಂಚಿನ ಗುಡುಗು ಮಳೆ ಇಚಲಕರಂಜಿಯಲ್ಲಿ ಒಂದು ಸಂಜೆ ಜೋರಾಗಿ ಸುರಿಯಿತು. ಮರುದಿನ ಬೆಳಿಗ್ಗೆ ನನಗೆ ಫೋನು ಬಂತು. ಗಡಹಿಂಗ್ಲಜದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಅಣ್ಣ ತೀರಿಕೊಂಡ ಮೇಲೆ ನನಗೆ ಫೋನೆಂದರೆ ಅಂಜಿಕೆ. ಅದು ಅವನಿಗೆ ಬಂದ ಫೋನಾಗಿದ್ದರೆ ಸುದ್ದಿಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಇವರಿಗೆ ಹೇಳಬೇಕಾಗಿರಲಿಲ್ಲ. ಅಣ್ಣ ಕಟ್ಟಿಸಿದ ಕೊನೆಯ ಮನೆಯ ಒಡತಿ ಮಾತಾಡುತ್ತಿದ್ದರು.

"ಮಿಸ್ತ್ರಿಯವರ, ನಿಮಗ ತ್ರಾಸ ಕೊಡಬಾರದಂತ ಭಾಳ ದಿವಸ ಸುಮ್ಮನಿದ್ದೆವ್ರಿ. ಆದರ ಒಂದ ಮಾತ ಕೇಳಬೇಕಾಗೇತಿ. ನಮ್ಮ ಹೊಸ ಮನೀಗೆ ಪನ್ಹಳ ಬೇಕಾಗಿತ್ತೇನ್ರಿ?"

ಮಾಡಿನ ನೀರು ಹಿಡಿದು ಒಂದು ಕಡೆಗೆ ಒಯ್ಯಲು ಸೂರಿನ ಅಂಚಿಗೆ ಉದ್ದಕ್ಕೂ ಕಟ್ಟುವ ತಗಡಿನ ದೋಣಿಗೆ ನಮ್ಮ ಕಡೆ ಪನ್ಹಳ ಎನ್ನುತ್ತೇವೆ.

"ಅಣ್ಣ ಏನಂದಿದ್ನ್ರಿ?" ಎಂದು ಕೇಳಿದೆ.

"ಬ್ಯಾಡ ಅಂದಿದ್ರು. ಪನ್ಹಳ ಬ್ಯಾಡ ಅಕ್ಕಾ, ಅದು ವರ್ಷಾ ವರ್ಷಾ ಕಸಾ ತುಂಬಿ ನಿಮ್ಮ ಜೀವಾ ತಿಂತೈತಿ ಅಂದಿದ್ರು. ಆದರ ನಿನ್ನಿ ಮಳೀಗೆ ಮುಂದಿನ ಕ್ವಾಣಿ ಗ್ವಾಡಿ ಸೀಳೇತ್ರಿ. ಕೂದಲದಷ್ಟ. ನಮ್ಮ ಮಾಲಕರು ಏನಿಲ್ಲ, ಬಣ್ಣಾ ಬಿಟ್ಟೈತಿ ಅಂತಾರ. ನನಗ ಯಾಕೋ ಹಂಗ ಕಾಣವಲ್ದು."

ಚಹಾ ಅಲ್ಲೇ ಬಿಟ್ಟು ಎಸ್‌ಟಿ ಬಸ್‌ ಸ್ಟ್ಯಾಂಡಿಗೆ ಹೊರಟೆ. ವೈನಿ, ಎಂದರೆ ಅಣ್ಣನ ಹೆಂಡತಿ, ಬಾಗಿಲಿಗೆ ಬಂದು ಎಲ್ಲಿಗೆಂದು ಕೇಳಿದರು. ಇಚಲಕರಂಜಿಗೆ ಎಂದೆ. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಗಲದಲ್ಲಿ ಬಸ್ಸು ಬದಲಿಸಿ ಕೂತಾಗಲೂ ನನ್ನ ತಲೆಯಲ್ಲಿ ಒಂದೇ ವಿಚಾರ. ಆ ಮನೆಯ ಮಾಡು ಏರುವಾಗ ನಾನು ಕೊಲ್ಹಾಪುರದಲ್ಲಿ ಒಂದು ಫೌಂಡ್ರಿಯ ಶೆಡ್ಡಿಗೆ ತಗಡಿನ ಪತ್ರಾ ಹಾಕುತ್ತಿದ್ದೆ. ಇಚಲಕರಂಜಿಯ ಕೆಲಸ ಅಣ್ಣನೊಬ್ಬನೇ ನೋಡಿಕೊಂಡಿದ್ದ. ಹಂಚು ಏರಿಸಿ, ಗೋಡೆಯ ಬುಡದ ಕೆಲಸ ನಡೆಸಿದ್ದಾಗ ಒಂದು ಮುಂಜಾನೆ ಅವನ ಎದೆ ನಿಂತುಹೋಯಿತು. ಆ ಮನೆ ಸೀಳಿದರೆ ಜನ ಅವನನ್ನು ನೆನೆಯುವುದು ಆ ಸೀಳಿನಿಂದಲೇ. ಅವನು ಮಾಡಿದ ನೂರಾರು ಮಾಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಹೆದರಿಕೆ ಅದಾಗಿತ್ತು, ಅದನ್ನು ಯಾರ ಮುಂದೆಯೂ ಆಡುವಂತಿರಲಿಲ್ಲ.

ಮನೆ ಊರ ಹೊರಗೆ, ಮೊದಲು ಕಬ್ಬು ಬೆಳೆಯುತ್ತಿದ್ದ ಎರೆಹೊಲದಲ್ಲಿ ಎದ್ದ ಹೊಸ ಬಡಾವಣೆಯಲ್ಲಿದೆ. ಮಾಲಕರದು, ಎಂದರೆ ಒಡತಿಯ ಗಂಡನದು, ನಾಲ್ಕು ಮಗ್ಗಗಳ ಸಣ್ಣ ಕಾರಖಾನೆ. ಅಲ್ಲೆಲ್ಲ ಸ್ಲ್ಯಾಬಿನ ಮನೆಗಳು, ಇದೊಂದಕ್ಕೆ ಮಾತ್ರ ಹಂಚಿನ ಮಾಡು. ಒಡತಿಯ ತವರು ಮುರಗೂಡ; ಅಲ್ಲಿನ ಹಂಚಿನ ಮನೆಯ ತಂಪು ಅವರಿಗೆ ಬೇಕಾಗಿತ್ತು. ಮೊದಲಿನ ನಕಾಶೆಯಲ್ಲಿ ಮನೆ ನೇರವಾಗಿತ್ತು. ಗೋಡೆ ಎದ್ದ ಮೇಲೆ, ಮಾಲಕರ ತಾಯಿಗೆ ಬಾಗಿಲ ಹತ್ತಿರವೇ ಒಂದು ಕೋಣೆ ಬೇಕೆಂದು ಮುಂದಕ್ಕೆ ಚಾಚಿ ಕಟ್ಟಿಸಿದರು. ಹೀಗಾಗಿ ಎರಡು ಗೋಡೆ ಕೂಡುವಲ್ಲಿ ಒಂದು ಒಳಮೂಲೆಯಾಯಿತು. ಅದರ ಮೇಲೆ ಎರಡು ಮಾಡುಗಳು ಕೂಡಿ ಒಂದು ಕೊಳ್ಳವಾಯಿತು.

ಸೀಳು ಆ ಒಳಮೂಲೆಯಲ್ಲೇ ಇತ್ತು. ಕಿಟಕಿಯ ಕೆಳಗಿನ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಇಳಿದಿತ್ತು. ಉಗುರು ಆಡಿಸಿ ನೋಡಿದೆ. ಬಣ್ಣ ಬಿಟ್ಟದ್ದಲ್ಲ.

ಕಿಟಕಿಯ ಒಳಗಿನಿಂದ ಮಾಲಕರ ತಾಯಿ ನನ್ನನ್ನೇ ನೋಡುತ್ತಿದ್ದರು. ಅವರನ್ನು ಎಲ್ಲರೂ ಆಯಿ ಎನ್ನುತ್ತಾರೆ.

"ಏನಂತೈತೋ ಗ್ವಾಡಿ?"

"ನೋಡಾಕತ್ತೇನ್ರಿ ಆಯಿ."

"ನೋಡ್ ನೋಡ್. ಮನಿ ಹೊಸಾದು, ನಾ ಹಳೇಕಿ. ಮೊದಲ ಯಾರ ಬೀಳ್ತೀವಿ ಅಂತ ನನ್ನ ಸೊಸಿಗೆ ಚಿಂತಿ ಹತ್ತೇತಿ."

"ಏನರೆ ಮಾತಾಡ್ತೀರಿ ಅತ್ತಿ" ಎಂದು ಸೊಸೆ ಒಳಗಿನಿಂದ ಗದರಿದರು. ನನಗೆ ನಗು ಬರಲಿಲ್ಲ. ಆಯಿ ಮಲಗುವ ಮಂಚ ಆ ಸೀಳಿಗೆ ತಾಗಿಯೇ ಇತ್ತು. ಅದನ್ನು ಹಿಂದಿನ ಕೋಣೆಗೆ ಒಯ್ಯಿರಿ ಎಂದೆ.

ಸೀಳು ಬೆಳೆಯುತ್ತಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಒಂದು ಸಾದಾ ಪದ್ಧತಿಯಿದೆ. ತೆಳ್ಳಗಿನ ಗಾಜಿನ ಪಟ್ಟಿಯನ್ನು ಸೀಳಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಸಿಮೆಂಟು ಹಚ್ಚುವುದು. ಗೋಡೆ ಅಲುಗದಿದ್ದರೆ ಗಾಜು ಹಾಗೇ ಇರುತ್ತದೆ. ಅಲುಗಿದರೆ ಒಡೆಯುತ್ತದೆ. ಮೇಲೊಂದು, ಕೆಳಗೊಂದು ಪಟ್ಟಿ ಕೂಡಿಸಿ ಊರಿಗೆ ಬಂದೆ.

ಮುಂದಿನ ದಿನಗಳಲ್ಲಿ ನಾನು ಬೇರೆ ಯಾವ ಕೆಲಸವನ್ನೂ ಹಿಡಿಯಲಿಲ್ಲ. ಬಡಗಣ ದಿಕ್ಕಿಗೆ ಮೋಡ ಕಂಡರೆ ಇಚಲಕರಂಜಿಗೆ ಫೋನು ಮಾಡಿ ಮಳೆ ಇದೆಯೇ ಎಂದು ಕೇಳುತ್ತಿದ್ದೆ. ಕಡೆಗೆ ಮಾಲಕರೇ, "ಮಿಸ್ತ್ರಿ, ಹವಾಮಾನ ಖಾತೆಯವರೂ ಇಷ್ಟ ಫೋನ್ ಮಾಡಂಗಿಲ್ಲೋ ಮಾರಾಯಾ" ಎಂದರು. ಆಮೇಲೆ ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು, ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಎರಡೂ ಕಾಚ ಒಡದಾವ."

ಅಣ್ಣ ಪನ್ಹಳ ಬೇಡ ಎನ್ನುತ್ತಿದ್ದುದು ಹಟದಿಂದಲ್ಲ. ಸೂರನ್ನು ಎರಡೂವರೆ ಅಡಿ ಹೊರಗೆ ಚಾಚುತ್ತಿದ್ದ. ಗೋಡೆಯ ಬುಡದ ಮಣ್ಣು ತೆಗೆಸಿ ಮುರುಮು, ಎಂದರೆ ಗಟ್ಟಿ ಕೆಂಪು ಗರಸು, ತುಂಬಿ ಕುಟ್ಟಿಸುತ್ತಿದ್ದ. ಅದರ ಮೇಲೆ ಕಲ್ಲಿನ ಫರಸಿಯನ್ನು ಹೊರಮುಖ ಇಳಿಜಾರಾಗಿ ಕೂಡಿಸುತ್ತಿದ್ದ. ಮಾಡಿನ ನೀರು ಗೋಡೆಯಿಂದ ದೂರ ಬಿದ್ದು, ಕಲ್ಲಿನ ಮೇಲೆ ಚದುರಿ, ಹೊರಗೆ ಹರಿದುಹೋಗುತ್ತಿತ್ತು. ಕಸ ತೆಗೆಯದ ಪನ್ಹಳದ ನೀರು ಉಕ್ಕಿ ಹಿಂದಕ್ಕೆ ಗೋಡೆಗೇ ಇಳಿಯುತ್ತದೆ, ಅದಕ್ಕಿಂತ ಇಲ್ಲದಿರುವುದೇ ಲೇಸು ಎಂಬುದು ಅವನ ವಾದ. ಗಡಹಿಂಗ್ಲಜದ ಕಡೆ ಅವನು ಹೀಗೆ ಮಾಡಿದ ಮನೆಗಳು ಇಂದಿಗೂ ನೆಟ್ಟಗಿವೆ. ಆದರೆ ಅಲ್ಲಿಯದು ಗಟ್ಟಿ ನೆಲ, ಇಲ್ಲಿಯದು ಎರೆಮಣ್ಣು. ನೀರು ಕುಡಿದರೆ ಉಬ್ಬಿ ಗೋಡೆಯನ್ನು ಎತ್ತುತ್ತದೆ, ಒಣಗಿದರೆ ಕುಗ್ಗಿ ಕೈಬಿಡುತ್ತದೆ. ಇದು ಅಣ್ಣನಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬಲಾರೆ.

ಹಾಗಾದರೆ ಮಣ್ಣನ್ನೇ ನೋಡಬೇಕೆಂದು ಹೋಗಿ ಫರಸಿ ಎಬ್ಬಿಸಿದೆ. ಮೊದಲು ಮನೆಯ ಹಿಂದೆ ಅಗೆದೆ. ಮೊಣಕಾಲಿನ ಆಳಕ್ಕೂ ಕೆಂಪು ಮುರುಮು, ಗುದ್ದಲಿ ಖಣ್ ಎನ್ನುವಷ್ಟು ಗಟ್ಟಿ. ಎರಡು ಬದಿಗಳಲ್ಲೂ ಹಾಗೆಯೇ ಇತ್ತು. ಮುಂದಿನ ಒಳಮೂಲೆಯಲ್ಲಿ ಫರಸಿ ಎತ್ತಿದಾಗ ಅಂಟು ಕರಿಮಣ್ಣು ಗುದ್ದಲಿಗೆ ಮೆತ್ತಿಕೊಂಡು ಬಂತು. ಆ ತಗ್ಗಿನಿಂದ ತೆಗೆದ ಎರೆಮಣ್ಣನ್ನೇ ತಿರುಗಿ ಅದಕ್ಕೆ ತುಂಬಿದ್ದರು.

ಒಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಕ್ಕಾರ, ಇಲ್ಲಿ ಮಣ್ಣ ಯಾರ ತುಂಬಿದ್ರಿ?"

ಅವರು ಹೊಸ್ತಿಲು ಇಳಿದು ತಗ್ಗಿನ ಹತ್ತಿರ ಬಂದರು.

"ಟ್ರ್ಯಾಕ್ಟರದವ್ರಿ. ನಿಮ್ಮ ಅಣ್ಣಾರು ಹ್ವಾದ ಮ್ಯಾಲ ಮುಂದಿನ ಕಡಿ ತಗ್ಗು ಹಂಗ ಬಾಯಿ ತಕ್ಕೊಂಡ ಬಿದ್ದಿತ್ತು. ಅಕ್ಷಯ ತದಿಗಿಗೆ ವಾಸ್ತುಶಾಂತಿ ಇಟಗೊಂಡಿದ್ದಿವಿ. ಮಂದಿ ಬರವ್ರು, ಆಯಿ ಎಲ್ಲೆರೆ ಬಿದ್ದಾರಂತ ತುಂಬಿಸಿ ಮ್ಯಾಲ ಫರಸಿ ಹಾಕಿಸಿಬಿಟ್ಟಿವಿ."

"ನನಗೊಂದ ಮಾತ ಕೇಳಬೇಕಿತ್ತಲ್ರಿ?"

"ಹ್ಯಾಂಗ ಕೇಳಬೇಕ್ರಿ? ನಿಮ್ಮ ಮನ್ಯಾಗ ಇನ್ನೂ ದಿನಾ ಮುಗದಿದ್ದಿಲ್ಲ. ಸಾವಾದ ಮನೀಗೆ ಹೋಗಿ, ನಮ್ಮ ತಗ್ಗಿಗೆ ಏನ್ ತುಂಬೂಣ ಅಂತ ಕೇಳಿದ್ರ ಮಂದಿ ಏನಂತಾರ?"

ಅವರ ಮೇಲೆ ಸಿಟ್ಟು ಬರಲಿಲ್ಲ. ಸಾವಿನ ಮನೆಗೆ ಕೆಲಸದ ಮಾತು ಒಯ್ಯಬಾರದು ಎಂಬುದು ನಮ್ಮಲ್ಲಿಯೂ ಇದೆ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನ್ನ ಎದೆಯ ಭಾರ ಅರ್ಧ ಇಳಿದಿತ್ತು. ಅಣ್ಣನ ಲೆಕ್ಕ ಸರಿಯಾಗಿಯೇ ಇತ್ತು, ಅದನ್ನು ಮುಗಿಸಲು ಅವನು ಉಳಿಯಲಿಲ್ಲ, ಅಷ್ಟೇ. ಕರಿಮಣ್ಣು ತೆಗೆದು ಮುರುಮು ತುಂಬಿದರೆ ಆಯಿತು ಎಂದುಕೊಂಡೆ.

ಮಾಲಕರು ಅಷ್ಟಕ್ಕೆ ಒಪ್ಪಲಿಲ್ಲ. "ಸಂಗಾಟ ಪನ್ಹಳನೂ ಹಾಕಿಬಿಡ್ರಿ. ಅಸೂ ದ್ಯಾ, ಇರಲಿ ಬಿಡ್ರಿ, ಇದ್ರ ಏನ್ ಕೇಡ ಐತಿ?"

"ಬ್ಯಾಡ್ರಿ."

"ಯಾಕ?"

"ಅಣ್ಣ ಬ್ಯಾಡ ಅಂದಾನ."

ಅವರಿಗೆ ಬೇಕಾಗಿದ್ದದ್ದು ಕಾರಣ. ನಾನು ಕೊಟ್ಟದ್ದು ಅಣ್ಣನ ಹೆಸರು.

ಆಳುಗಳನ್ನು ಹಚ್ಚಿ ಒಳಮೂಲೆಯ ಕರಿಮಣ್ಣನ್ನೆಲ್ಲ ಹೊರಗೆ ಹಾಕಿಸಿದೆ. ಮುಂದಿನ ಕೋಣೆಯ ಪಾಯ ಹಿಂದಿನಷ್ಟು ಆಳವಿರಲಿಲ್ಲ. ಕೋಲು ಇಳಿಸಿ ಎರಡು ಸಲ ಅಳೆದೆ. ಆದರೂ ಮುರುಮು ತರಿಸಿ, ಗೇಣು ದಪ್ಪ ಹಾಕಿಸಿ, ನೀರು ಚಿಮುಕಿಸಿ, ಕುಟ್ಟಿಸಿ, ಅದರ ಮೇಲೆ ಮತ್ತೊಂದು ಗೇಣು, ಹೀಗೆ ನೆಲದ ಮಟ್ಟಕ್ಕೆ ತಂದೆ. ಮರುದಿನ ಫರಸಿ ಕೂಡಿಸುವುದೆಂದು ಹತ್ಯಾರ ಕಟ್ಟುತ್ತಿರುವಾಗ ಗಾಳಿ ತಿರುಗಿ ಮಳೆ ಬಂತು.

ಆಳುಗಳು ಒಳಗೆ ಓಡಿದರು. ನಾನು ಗೋಣಿಚೀಲ ಹೊದ್ದು ಅಂಗಳದಲ್ಲೇ ನಿಂತೆ. ಈ ಮನೆಯ ಮೇಲೆ ಮಳೆ ಬೀಳುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಬದಿಯ ಸೂರುಗಳಿಂದ ನೀರು ಜಾಲರಿಯಂತೆ ಸಮನಾಗಿ ಗೋಡೆಯಿಂದ ದೂರ ಬೀಳುತ್ತಿತ್ತು. ಅಲ್ಲಿ ಅಣ್ಣನ ಮಾತು ಸುಳ್ಳಲ್ಲ. ಒಳಮೂಲೆಯಲ್ಲಿ ಹಾಗಿರಲಿಲ್ಲ. ಎರಡು ಮಾಡುಗಳ ನೀರು ಕೊಳ್ಳಕ್ಕೆ ಕೂಡಿ, ಮಗ್ಗಕ್ಕೆ ನೂಲು ಸುತ್ತುವ ಬೀಮಿನಷ್ಟು ದಪ್ಪವಾಗಿ ಒಂದೇ ಕಡೆ ಇಳಿಯುತ್ತಿತ್ತು. ಅದರಲ್ಲಿ ಅರ್ಧ ನೀರು ಸೂರಿನ ಕೆಳಕ್ಕೆ ಹೊರಳಿ ಗೋಡೆಯ ಮೈಗೇ ಹರಿಯುತ್ತಿತ್ತು. ನಾವು ಇಡೀ ದಿನ ಕುಟ್ಟಿದ ಮುರುಮು ನನ್ನ ಕಣ್ಣೆದುರಿಗೇ ಗುಂಡಿ ಬಿದ್ದು, ಕೆಂಪು ನೀರಾಗಿ ಅಂಗಳಕ್ಕೆ ಹರಿಯಿತು.

ಆಯಿ ಹಿಂದಿನ ಕೋಣೆಯಿಂದ ಬಂದು ಬಾಗಿಲಲ್ಲಿ ಕೂತಿದ್ದರು. "ಬಾರೋ ಒಳಗ. ನೀ ನೋಡಿದ್ರ ಮಳಿ ನಿಂದರತೈತೇನ?" ಎಂದರು.

ಮಳೆ ನಿಂತ ಮೇಲೆ ಏಣಿ ಹಾಕಿ ಹತ್ತಿದೆ. ಹಂಚು ತೊಯ್ದು ಜಾರುತ್ತಿತ್ತು. ಕೊಳ್ಳದ ಗುಂಟ ಒಂದು ತಗಡು ಇರುತ್ತದೆ. ಎರಡೂ ಕಡೆಯ ನೀರು ಅದರಲ್ಲಿ ಕೂಡಿ ಕೆಳಗೆ ಬರುತ್ತದೆ. ಅಣ್ಣ ಆ ತಗಡಿನ ಬಾಯಿಯನ್ನು ಸೂರಿನಿಂದ ಒಂದು ಗೇಣು ಹೊರಗೆ ಬಿಟ್ಟು, ಅಂಚುಗಳನ್ನು ಮಡಚಿ, ನಾಲಿಗೆಯ ಹಾಗೆ ಮಾಡುತ್ತಿದ್ದ. ನೀರು ಎಗರಿ ದೂರ ಬೀಳಲಿ ಎಂದು. ಈ ಕೆಲಸವನ್ನು ಅವನು ನನ್ನ ಕೈಗೂ ಕೊಡುತ್ತಿರಲಿಲ್ಲ, ತಾನೇ ಮಾಡುತ್ತಿದ್ದ.

ಇಲ್ಲಿ ನಾಲಿಗೆಯೇ ಇರಲಿಲ್ಲ. ಸೂರಿನ ಅಂಚಿಗೆ ಹೊಡೆದ ಹಲಗೆಯ ಹಿಂದೆಯೇ ತಗಡು ಮುಗಿದಿತ್ತು. ಅಂಚು ಮಡಚಿರಲಿಲ್ಲ, ಕತ್ತರಿಯ ಗುರುತು ಹಾಗೇ ಇತ್ತು. ಆಳುಗಳು ತಮಗೆ ತಿಳಿದಂತೆ ಕತ್ತರಿಸಿ ಬಿಟ್ಟದ್ದು ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಅಣ್ಣ ಅದನ್ನು ಕಂಡಿದ್ದರೆ ಕಿತ್ತೆಸೆಯುತ್ತಿದ್ದ. ಹಾಗಾದರೆ ಕಾಣಲಿಲ್ಲವೇಕೆ? ಮಾಡು ಮುಗಿದ ದಿನ ಮೂಲೆ ಮೂಲೆಗೂ ಹತ್ತಿ ಕೈಯಾಡಿಸಿ ನೋಡದೆ ಅವನು ಇಳಿದವನಲ್ಲ.

ಏಣಿಯ ಮೇಲೆ ಬಹಳ ಹೊತ್ತು ಇದ್ದಿರಬೇಕು. ಮಾಲಕರು ಕೆಳಗಿನಿಂದ ಕೂಗಿದರು. "ಏನಾತ್ರಿ?"

ಅಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ತಗಡಿಗೆ ಹೊಸ ನಾಲಿಗೆ ಕೂಡಿಸಿದರೆ ನೀರು ಗೋಡೆಯನ್ನು ಬಿಟ್ಟು ದೂರ ಬೀಳುತ್ತದೆ. ಅಣ್ಣನ ಮಾತು ಉಳಿಯುತ್ತದೆ, ಪನ್ಹಳ ಬೇಕಾಗುವುದಿಲ್ಲ. ಆದರೆ ಅದು ಬೀಳುವುದು ಮನೆಯೊಳಗೆ ಬರುವ ದಾರಿಯ ಮೇಲೆ, ಆಯಿ ಕೋಲೂರಿ ನಡೆಯುವ ಜಾಗದಲ್ಲಿ. ಅದರ ಕೆಳಗೆಲ್ಲ ಎರೆಮಣ್ಣು. ಇಷ್ಟು ನೀರು ಒಂದೇ ಕಡೆ ಕುಡಿದರೆ ಅದು ಒಂದಲ್ಲ ಒಂದು ದಿನ ಆ ಆಳವಿಲ್ಲದ ಪಾಯವನ್ನು ಮುಟ್ಟಿಯೇ ಮುಟ್ಟುತ್ತದೆ. ಮನೆ ನೇರವಾಗಿದ್ದಾಗ ಪನ್ಹಳ ಬೇಕಿರಲಿಲ್ಲ. ಕೋಣೆ ಮುಂದಕ್ಕೆ ಬಂದ ದಿನವೇ ಲೆಕ್ಕ ಬದಲಾಗಿತ್ತು, ಅಣ್ಣ ಹಳೆಯ ಲೆಕ್ಕದಲ್ಲೇ ಉಳಿದಿದ್ದ.

ಕೆಳಗಿಳಿದು ಬಂದೆ.

"ಮಾಲಕರ, ಹಿಂದ, ಎರಡೂ ಬಾಜೂಕ ಪನ್ಹಳ ಬ್ಯಾಡ. ಮುಂದಿನ ಕಡಿ ಬೇಕು."

"ಮತ್ತ ಅಣ್ಣಾರು..."

"ಅಂವಾ ಇಲ್ಲಿ ತಪ್ಪ್ಯಾನ್ರಿ."

ಮಾಲಕರು ಒಳಗೆ ಹೋಗಿ ನೀರು ತಂದುಕೊಟ್ಟರು.

ಕೊಲ್ಹಾಪುರದಲ್ಲಿ ತಗಡಿನ ಕೆಲಸದ ಒಬ್ಬರು ನನಗೆ ಪರಿಚಯ. ನಾನು ಅಳತೆ ಹೇಳಿದಾಗ ಅವರು ಕೇಳಿದ ಮೊದಲ ಮಾತು, "ಪಾಣಿ ಸೋಡಣಾರ ಕುಠಂ?" ನೀರು ಎಲ್ಲಿ ಬಿಡುತ್ತೀರಿ, ಎಂದು. ನನಗೂ ಅದೇ ಚಿಂತೆ. ಇಡೀ ಮುಂಭಾಗದ ನೀರನ್ನು ಪನ್ಹಳದಲ್ಲಿ ಹಿಡಿದು ಮತ್ತೆ ಮನೆಯ ಬುಡಕ್ಕೇ ಇಳಿಸಿದರೆ ಇದ್ದದ್ದಕ್ಕಿಂತ ಕೆಡುಕು. ಅದನ್ನು ಪೈಪಿನಲ್ಲಿ ರಸ್ತೆಯ ಗಟಾರಕ್ಕೆ ಒಯ್ಯಬೇಕು. ಗಟಾರದ ತಳ ಅಂಗಳಕ್ಕಿಂತ ಎತ್ತರವಿದ್ದರೆ ಅದೂ ಆಗದು. ಮಟ್ಟ ನೋಡಲು ನೀರು ತುಂಬಿದ ನಳಿಗೆಯ ಒಂದು ತುದಿಯನ್ನು ಮಾಲಕರು ಗೋಡೆಗೆ ಹಿಡಿದರು, ಇನ್ನೊಂದನ್ನು ಹಿಡಿದು ನಾನು ಗಟಾರಕ್ಕೆ ಇಳಿದೆ. ನೀರಿನ ಮಟ್ಟ ನಿಲ್ಲುವವರೆಗೆ ಇಬ್ಬರೂ ನಳಿಗೆ ಅಲುಗಿಸದೆ ನಿಂತೆವು. ಗಟಾರದ ತಳ ಅಂಗಳಕ್ಕಿಂತ ಒಂದು ಗೇಣು ಕೆಳಗಿತ್ತು. ಸಾಕಾಗುತ್ತಿತ್ತು.

ಮುಂಗಾರು ಕೊಂಕಣಕ್ಕೆ ಬಂತೆಂದು ಸುದ್ದಿಯಿತ್ತು. ಸೂರಿನ ಹಲಗೆಗೆ ದಾರ ಹೊಡೆದು, ಹತ್ತು ಅಡಿಗೆ ಅರ್ಧ ಇಂಚು ಇಳಿಜಾರು ಹಿಡಿದು, ಕಬ್ಬಿಣದ ಕೊಕ್ಕೆಗಳನ್ನು ಒತ್ತೊತ್ತಾಗಿ ಕೂಡಿಸಿದೆ. ಪನ್ಹಳ ಕೂಡಿಸಿ, ಜೋಡುಗಳಿಗೆ ಬೆಸುಗೆ ಹಾಕಿ, ಕೊಡದಿಂದ ನೀರು ಸುರಿದು ನೋಡಿದೆ. ಎಲ್ಲೂ ಸೋರಲಿಲ್ಲ. ಆದರೆ ಮರುದಿನದ ಮಳೆಯಲ್ಲಿ ಕೊಳ್ಳದ ನೀರು ರಭಸಕ್ಕೆ ಪನ್ಹಳವನ್ನೇ ಹಾರಿ ಆಚೆ ಬಿತ್ತು. ಕೊಡದ ನೀರಿಗೂ ಮಳೆಯ ನೀರಿಗೂ ಇರುವ ವ್ಯತ್ಯಾಸ ನನ್ನ ಲೆಕ್ಕದಲ್ಲಿರಲಿಲ್ಲ.

"ಪನ್ಹಳಕ್ಕ ಇನ್ನೊಂದ ಪನ್ಹಳ ಬೇಕಾತೇನೋ" ಎಂದರು ಆಯಿ.

ಮಾಲಕರಿಗೆ ನಗು ಬಂತು. ನಾನು ಮತ್ತೆ ಹತ್ತಿ, ಮೂಲೆಯಲ್ಲಿ ಪನ್ಹಳದ ಹೊರ ಅಂಚಿಗೆ ಮೊಳ ಎತ್ತರದ ತಗಡನ್ನು ಗೋಡೆಯ ಹಾಗೆ ನಿಲ್ಲಿಸಿದೆ. ಕೊಳ್ಳದ ತಗಡಿಗೆ ತುಂಡು ಕೂಡಿಸಿ, ಅದರ ಬಾಯಿ ಪನ್ಹಳದ ನಟ್ಟನಡುವೆ ಬರುವಂತೆ ಮಾಡಿ, ಅಂಚು ಮಡಚಿದೆ. ಆ ಮಡಿಕೆಯನ್ನು ಅಣ್ಣ ಮಾಡುತ್ತಿದ್ದ ಹಾಗೆಯೇ ಮಾಡಲು ನೋಡಿದೆ. ಅಷ್ಟು ಸಾಫಾಗಿ ಬರಲಿಲ್ಲ.

ಮೂಲೆಯ ಮುರುಮನ್ನು ಮತ್ತೆ ತುಂಬಿ, ಕುಟ್ಟಿ, ಫರಸಿ ಕೂಡಿಸಿ, ಸೀಳಿಗೆ ಹೊಸ ಗಾಜು ಹಚ್ಚಿದೆ. ಬಳಿಕ ಬಂದ ಮಳೆ ಬೆಳಗಿನಿಂದ ಸಂಜೆಯವರೆಗೂ ಹಿಡಿಯಿತು. ನಾನು ಅವರ ಪಡಸಾಲೆಯಲ್ಲಿ ಕೂತು ನೋಡಿದೆ. ಒಂದೊಂದು ಸಲ ಎದ್ದು ಗಟಾರಕ್ಕೆ ಹೋಗಿ ಪೈಪಿನ ಬಾಯಲ್ಲಿ ನೀರು ಬರುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ. ಬರುತ್ತಿತ್ತು. ಮೂಲೆಯ ಫರಸಿಯ ಮೇಲೆ ತುಂತುರು ಬಿಟ್ಟರೆ ಬೇರೆ ನೀರಿರಲಿಲ್ಲ. ಗಾಜು ಹಾಗೇ ಇತ್ತು. ಒಡತಿ ಆಯಿಯ ಮಂಚವನ್ನು ಮುಂದಿನ ಕೋಣೆಗೆ ತರಬಹುದೇ ಎಂದು ಕೇಳಿದರು. ಈ ಮಳೆಗಾಲ ಕಳೆಯಲಿ ಎಂದೆ. ಒಂದು ಮಳೆಯಿಂದ ಏನನ್ನೂ ಹೇಳಲಾಗುವುದಿಲ್ಲ.

ಮರುದಿನ ಗಡಹಿಂಗ್ಲಜಕ್ಕೆ ಬಂದೆ. ಸಂತೆಯಲ್ಲಿ ಯಾರೋ ವೈನಿಯ ಕಿವಿಗೆ ಹಾಕಿಬಿಟ್ಟಿದ್ದರು, ನಿನ್ನ ಗಂಡ ಕಟ್ಟಿದ ಮನಿ ಸೀಳೇತಂತ, ಎಂದು. ಅವರು ಊಟಕ್ಕೆ ಬಡಿಸಿ ಎದುರಿಗೆ ಕೂತರು.

"ಖರೆ ಹೇಳು. ಏನಾಗೇತಿ ಆ ಮನೀಗೆ?"

ಎಲ್ಲವನ್ನೂ ಹೇಳಿದೆ. ಟ್ರ್ಯಾಕ್ಟರಿನ ಕರಿಮಣ್ಣು ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೊಳ್ಳದ ತಗಡನ್ನೂ ಹೇಳಿದೆ.

"ಅಂವಾ ಅದನ್ನ ಹೆಂಗ ಬಿಟ್ಟಾ ಅಂತ ನನಗ ತಿಳೀವಲ್ದು ವೈನಿ. ಮ್ಯಾಲ ಹತ್ತಿ ನೋಡಿದ್ರ ಯಾರಿಗೂ ಕಾಣತಿತ್ತು."

ವೈನಿ ರೊಟ್ಟಿಯ ಬುಟ್ಟಿಯ ಮೇಲಿನ ಅರಿವೆಯನ್ನು ಸರಿಮಾಡುತ್ತಾ ಕೂತಿದ್ದರು.

"ಹತ್ತೇ ಇಲ್ಲ ಅವರು" ಎಂದರು.

"ಅಂದ್ರ?"

"ಆ ಮನೀ ಮ್ಯಾಲ ಅವರು ಒಮ್ಮೀನೂ ಹತ್ತಿಲ್ಲ. ಏಣಿ ಎರಡ ಮೆಟ್ಟಲಾ ಏರಿದ್ರ ಎದಿ ಹಿಡೀತೈತಿ ಅಂತಿದ್ರು. ದವಾಖಾನಿಗೆ ನಡೀರಿ ಅಂದ್ರ, ಮಾಡ ಮುಗೀಲಿ ಅಂತಿದ್ರು. ಆಳುಗೋಳ ಹತ್ತಾರ, ನಾ ತೆಳಗ ನಿಂತ ನೋಡ್ತೇನಿ, ತಮ್ಮಗ ಹೇಳಬ್ಯಾಡ, ಕೊಲ್ಹಾಪುರದ ಕೆಲಸಾ ಬಿಟ್ಟ ಓಡಿ ಬರ್ತಾನ ಅಂದ್ರು."

ವೈನಿ ಇನ್ನೊಂದು ರೊಟ್ಟಿ ಹಾಕಿದರು. ತಿಂದೆ.

ಮಳೆಗಾಲ ಇನ್ನೂ ಮುಗಿದಿಲ್ಲ. ನಾನು ಆಗಾಗ ಇಚಲಕರಂಜಿಗೆ ಹೋಗಿ ಪನ್ಹಳದ ಕಸ ತೆಗೆದು, ಗಾಜು ನೋಡಿ ಬರುತ್ತೇನೆ. ಕಳೆದ ಸಲ ಹತ್ತುವ ಮೊದಲು ಅಂಗಳದಲ್ಲಿ ನಿಂತು ಆ ಮೂಲೆಯನ್ನು ಕೆಳಗಿನಿಂದ ನೋಡಿದೆ. ಹಲಗೆ ನೆಟ್ಟಗಿದೆ, ಹಂಚಿನ ಸಾಲು ದಾರ ಹಿಡಿದಂತಿದೆ. ಅಲ್ಲಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.